ಮೂವತ್ತು ವರ್ಷದ ವಾಯಿದೆ: ದಕ್ಷಿಣ ಭಾರತ ಸಭೆಯ ಐಕ್ಯದ ಬಗ್ಗೆ ಒಂದು ಟಿಪ್ಪಣಿ

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಮೂರು ಪ್ರಾಟೆಸ್ಟೆಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ನಾವು ದಿನನಿತ್ಯ ಸಿಎಸ್‌ಐ ಎನ್ನುವ ಸಂಸ್ಥೆ, ಅಸ್ತಿತ್ವಕ್ಕೆ ಬಂತು. ಆಂಗ್ಲಿಕನ್ನರ ದಕ್ಷಿಣದ ನಾಲ್ಕು ಡಯಾಸಿಸ್‌ಗಳು, ವೆಸ್ಲಿ ಪರಂಪರೆಯ ಮೆಥಡಿಸ್ಟರ ದಕ್ಷಿಣ ಭಾರತದ ಪ್ರಾಂತ, 1908ರಲ್ಲಿ ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಷನಲ್ ಪಂಥದವರು ಕೂಡಿ ಕಟ್ಟಿದ್ದ ದಕ್ಷಿಣ ಭಾರತ ಐಕ್ಯ ಸಭೆ, ಈ ಮೂರರ ಸುಮಾರು 10 ಲಕ್ಷ ವಿಶ್ವಾಸಿಗಳು ಒಂದೇ ಸಂವಿಧಾನದ ಕೆಳಗೆ ಬಂದರು. ಬಿಷಪ್ಪರಿರುವ ಸಭೆ, ಬಿಷಪ್ಪರೇ ಬೇಡವೆಂದು ಬೇರೆಯಾಗಿದ್ದ ಸಭೆಗಳ ಜೊತೆ ಹೀಗೆ ಬೆರೆತದ್ದು ಐರೋಪ್ಯ ಮತಸುಧಾರಣೆಯ ನಂತರ ಇದೇ ಮೊದಲು.

ಸ್ವಾತಂತ್ರ್ಯ ಬಂದು ಆರು ವಾರಕ್ಕೆ ಇದು ನಡೆದದ್ದರಿಂದ ಎರಡನ್ನೂ ಒಂದೇ ದಾರಕ್ಕೆ ಪೋಣಿಸುವ ರೂಢಿ ಬಂದುಬಿಟ್ಟಿದೆ. ರಾಷ್ಟ್ರೀಯತೆಯ ಗಾಳಿ ಬೀಸಿದ್ದು ನಿಜ. ಆದರೆ ಮಾತುಕತೆ ಶುರುವಾದದ್ದು 1919ರಲ್ಲಿ, ಐಕ್ಯದ ಯೋಜನೆಯ ಮೊದಲ ಕರಡು ಅಚ್ಚಾದದ್ದು 1929ರಲ್ಲಿ. ಇಪ್ಪತ್ತೆಂಟು ವರ್ಷ ಎಳೆದಾಡಿದ ಮಾತುಕತೆ ಕೊನೆಗೆ ಕೈಗೂಡಿದ್ದು ಹೇಗೆಂಬುದಕ್ಕೆ ದೇಶದ ರಾಜಕಾರಣದಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ನನ್ನ ಓದಿನಲ್ಲಿ ಆ ಉತ್ತರ ಯೋಜನೆಯ ಎರಡು ಕಲಮುಗಳಲ್ಲಿದೆ. ಎಲ್ಲ ಭಿನ್ನಾಭಿಪ್ರಾಯ ಬಗೆಹರಿದ ಮೇಲೆ ಒಂದಾಗೋಣ ಎಂಬ ಹಟವನ್ನು ಅಲ್ಲಿ ಕೈಬಿಡಲಾಯಿತು. ಮೊದಲು ಒಂದಾಗೋಣ, ಬಗೆಹರಿಯದ್ದನ್ನು ಒಂದೇ ಮನೆಯಲ್ಲಿದ್ದುಕೊಂಡು ನೋಡೋಣ ಎಂದು ಒಪ್ಪಲಾಯಿತು. ಅದರಿಂದ ಏನು ಕೂಡಿತು, ಏನು ಕೂಡಲಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಕ್ಯಾಥೊಲಿಕ್ ಮತ್ತು ಸಿರಿಯನ್ ಪರಂಪರೆಗಳ ಕತೆಯೇ ಬೇರೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಮೊದಲಿಗೆ, ಕೂಡಬೇಕಾಗಿದ್ದ ಸಭೆಗಳ ನಡುವೆ ಇದ್ದ ವ್ಯತ್ಯಾಸವಾದರೂ ಏನು? ಬೆಂಗಳೂರಿನಲ್ಲೇ ನೋಡಬಹುದು. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್ ಕಾಂಗ್ರಿಗೇಷನಲ್ ಪಂಥದ ಲಂಡನ್ ಮಿಷನ್ನಿನದು. ಅದಕ್ಕೆ ಹೆಸರು ಕೊಟ್ಟ ಬೆಂಜಮಿನ್ ರೈಸ್ ನಮ್ಮ ಶಾಸನತಜ್ಞ ಬಿ.ಎಲ್. ರೈಸ್ ಅವರ ತಂದೆ. ಕಾಂಗ್ರಿಗೇಷನಲ್ ಪದ್ಧತಿಯಲ್ಲಿ ಸ್ಥಳೀಯ ಸಭೆಯೇ ಸಾರ್ವಭೌಮ. ತನಗೆ ಬೇಕಾದ ಪಾಲಕನನ್ನು ಕರೆದು ನೇಮಿಸಿಕೊಳ್ಳುವ ಹಕ್ಕು ಸಭೆಯದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಾರ್ಪೊರೇಷನ್ ಕಚೇರಿಯ ಎದುರಿಗೆ, ವೆಸ್ಲಿಯನ್ನರು ಕಟ್ಟಿಸಿದ ಹಡ್ಸನ್ ಮೆಮೋರಿಯಲ್ ಇದೆ. ಇದು 1904ರ ಕಟ್ಟಡ. ಮೆಥಡಿಸ್ಟರಲ್ಲಿ ಪಾದ್ರಿಯನ್ನು ಸಭೆ ಆರಿಸುವಂತಿಲ್ಲ, ಮೇಲಿನ ಸಮ್ಮೇಳನ ಅವನನ್ನು ಒಂದು ಊರಿಂದ ಇನ್ನೊಂದು ಊರಿಗೆ ವರ್ಗ ಮಾಡುತ್ತದೆ. ಇನ್ನು ದಂಡಿನ ಕಡೆ ಹೋದರೆ ಸೇಂಟ್ ಮಾರ್ಕ್ಸ್. ಅಲ್ಲಿ ಸೈನ್ಯದ ಚಾಪ್ಲಿನ್, ಅವನ ಮೇಲೆ ಬಿಷಪ್, ಕೈಯಲ್ಲಿ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕ. ದೇವರು ಒಬ್ಬನೇ, ಬೈಬಲ್ ಒಂದೇ. ಆದರೆ ಪಾದ್ರಿ ಎಲ್ಲಿಂದ ಬರುತ್ತಾನೆ, ಅವನ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುವ ಅಧಿಕಾರ ಯಾರದು, ಅವನನ್ನು ತೆಗೆಯುವವರು ಯಾರು ಎಂಬ ಪ್ರಶ್ನೆಗೆ ಮೂರು ಕಡೆ ಮೂರು ಉತ್ತರ. ಇಂದು ಈ ಮೂರೂ ಒಂದೇ ಡಯಾಸಿಸ್‌ಗೆ ಸೇರಿವೆ.

ಕೂಡುವ ಹಾದಿಯನ್ನು ಸಿದ್ಧಪಡಿಸಿದ ಎರಡು ಸಂಗತಿಗಳು ಸಮಿತಿಗಳ ನಡಾವಳಿಗಿಂತ ಹಳೆಯವು. ಒಂದು, ಸತ್ಯವೇದ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರಲ್ಲಿ ಕನ್ನಡ ಬೈಬಲ್ ಪೂರ್ತಿಯಾಯಿತು. ಆಮೇಲಿನ ಪರಿಷ್ಕರಣೆಗಳಲ್ಲಿ ಬೇರೆ ಬೇರೆ ಮಿಷನ್ನಿನವರು ಒಟ್ಟಿಗೆ ಕೂತರು. ಹೀಗಾಗಿ ಮಂಗಳೂರಿನ ಬಾಸೆಲ್ ಸಭೆಯವನೂ ಮೈಸೂರಿನ ವೆಸ್ಲಿಯನ್ ಸಭೆಯವನೂ ಬಾಯಿಪಾಠ ಮಾಡಿದ ವಚನಗಳು ಒಂದೇ ಪಠ್ಯದವು. ಇನ್ನೊಂದು, ಪಾಠಶಾಲೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜನ್ನು 1910ರಲ್ಲಿ ಹಲವು ಮಿಷನ್‌ಗಳು ಕೂಡಿ ತೆರೆದವು. ಕನ್ನಡದಲ್ಲಿ ಪಾಠ ಹೇಳಲು ತುಮಕೂರಿನಲ್ಲಿಯೂ ಅಂಥದೊಂದು ಜಂಟಿ ಸೆಮಿನರಿ ನಡೆಯಿತು. ಒಂದೇ ಮೆಸ್‌ನಲ್ಲಿ ಉಂಡು ಒಂದೇ ಗುರುವಿನಿಂದ ಗ್ರೀಕ್ ಕಲಿತವರು ಮುಂದೆ ಬೇರೆ ಬೇರೆ ಸಭೆಗಳ ಪ್ರತಿನಿಧಿಗಳಾಗಿ ಎದುರುಬದುರು ಕೂತಾಗ ಪರಸ್ಪರರ ಪಾದ್ರಿತನವನ್ನು ಅನುಮಾನಿಸುವುದು ಕಷ್ಟವೇ. ಐಕ್ಯದ ಚರಿತ್ರೆ ಬರೆದವರು ಸಮ್ಮೇಳನಗಳಿಗೆ ಕೊಟ್ಟ ಪುಟಗಳಲ್ಲಿ ಕಾಲುಭಾಗವನ್ನಾದರೂ ಈ ಹಾಸ್ಟೆಲ್‌ಗಳಿಗೆ ಕೊಡಬೇಕಿತ್ತು.

1919ರ ಮೇ ತಿಂಗಳ ಆರಂಭದಲ್ಲಿ 33 ಜನ ತರಂಗಂಬಾಡಿಯಲ್ಲಿ ಸೇರಿದರು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. 1706ರಲ್ಲಿ ಮೊದಲ ಪ್ರಾಟೆಸ್ಟೆಂಟ್ ಮಿಷನರಿಗಳು ಬಂದಿಳಿದ ಕಡಲತೀರ ಅದು. ಆ ಕೂಟದ ಮುಂದಾಳು ವಿ.ಎಸ್. ಅಜರಯ್ಯ, 1912ರಿಂದ ದೋರ್ನಕಲ್ಲಿನ ಬಿಷಪ್, ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್. ಅಲ್ಲಿಂದ ಹೊರಟ ಹೇಳಿಕೆಯ ತಿರುಳು ಇಷ್ಟು: ನಮ್ಮನ್ನು ಬೇರೆ ಮಾಡಿರುವ ಪಂಥಭೇದಗಳು ನಾವು ಮಾಡಿಕೊಂಡವಲ್ಲ, ಹೊರಗಿನಿಂದ ಬಂದವು, ಅವನ್ನು ಮುಂದುವರಿಸುವ ಇಚ್ಛೆಯೂ ನಮಗಿಲ್ಲ. ಕೂಡಲು ನಾಲ್ಕು ಆಧಾರಗಳನ್ನು ಅವರು ಒಪ್ಪಿಕೊಂಡರು. ಪವಿತ್ರ ಗ್ರಂಥ, ಎರಡು ಪ್ರಾಚೀನ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನವೆಂಬ ಎರಡು ಸಂಸ್ಕಾರಗಳು, ಇಷ್ಟರಲ್ಲಿ ಜಗಳವಿರಲಿಲ್ಲ. ನಾಲ್ಕನೆಯದು ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದದ್ದೆಂದು ಹೇಳಲಾಗುವ ಬಿಷಪ್ ಪದವಿ. ಇಪ್ಪತ್ತೆಂಟು ವರ್ಷ ಹಿಡಿದದ್ದು ಇದಕ್ಕೆ. 1925ರಲ್ಲಿ ಮೆಥಡಿಸ್ಟರು ಮಾತುಕತೆಗೆ ಬಂದ ಮೇಲೆ ಗಂಟು ಇನ್ನಷ್ಟು ಬಿಗಿಯಾಯಿತು.

ಗಂಟಿನ ಸ್ವರೂಪ ಹೀಗೆ. ಬಿಷಪ್ಪನ ಕೈಯಿಂದ ದೀಕ್ಷೆ ಪಡೆಯದವನು ಕರ್ತನ ಭೋಜನ ನಡೆಸಿದರೆ ಅದು ಸಂಸ್ಕಾರವೇ ಅಲ್ಲ ಎಂದು ಆಂಗ್ಲಿಕನ್ನರಲ್ಲಿ ಒಂದು ಬಣ ನಂಬಿತ್ತು. ಹಾಗಾದರೆ ನಲವತ್ತು ವರ್ಷ ಸೇವೆ ಮಾಡಿದ ಒಬ್ಬ ಮೆಥಡಿಸ್ಟ್ ಪಾದ್ರಿ ಮತ್ತೆ ತಲೆಬಾಗಿ ಹೊಸದಾಗಿ ದೀಕ್ಷೆ ತೆಗೆದುಕೊಳ್ಳಬೇಕೆ? ತೆಗೆದುಕೊಂಡರೆ ಹಿಂದಿನ ನಲವತ್ತು ವರ್ಷ ಸುಳ್ಳೆಂದು ತಾನೇ ಒಪ್ಪಿದಂತೆ. ತೆಗೆದುಕೊಳ್ಳದಿದ್ದರೆ ಆಂಗ್ಲಿಕನ್ ಸಭೆಯವರು ಅವನ ಕೈಯ ರೊಟ್ಟಿ ಮುಟ್ಟುವುದಿಲ್ಲ. ಮಧ್ಯದ ದಾರಿ ಎಂಬುದು ತರ್ಕದಲ್ಲಿ ಇಲ್ಲ.

ಯೋಜನೆ ಬರೆದವರು ತರ್ಕವನ್ನು ಪಕ್ಕಕ್ಕಿಟ್ಟು ಕಾಲದ ಮೊರೆಹೊಕ್ಕರು. ಮೊದಲ ಕಲಮು ವಾಯಿದೆಯದು. ಐಕ್ಯದ ದಿನದಿಂದ ಮುಂದೆ ಹೊಸ ದೀಕ್ಷೆಗಳೆಲ್ಲ ಬಿಷಪ್ಪರ ಕೈಯಿಂದಲೇ ಆಗಬೇಕು. ಆದರೆ ಅದಾಗಲೇ ಪಾದ್ರಿಗಳಾಗಿರುವವರಿಗೆ ಮರುದೀಕ್ಷೆ ಇಲ್ಲ, ಅವರು ಇದ್ದ ಹಾಗೆಯೇ ಹೊಸ ಸಭೆಯ ಪಾದ್ರಿಗಳು. ಮುಂದಿನ 30 ವರ್ಷ, ಕೂಡಿದ ಸಭೆಗಳ ವಿದೇಶಿ ಮೂಲಸಭೆಗಳಿಂದ ಬರುವ ಪಾದ್ರಿಗಳಿಗೂ ಇದೇ ಅವಕಾಶ. 30 ವರ್ಷವಾದ ಮೇಲೆ ಈ ವಿನಾಯಿತಿಯನ್ನು ಏನು ಮಾಡಬೇಕೆಂದು ಆಗಿನ ಸಭೆಯೇ ತೀರ್ಮಾನಿಸಲಿ. ಎರಡನೆಯದು ವಾಗ್ದಾನದ ಕಲಮು. ಯಾವ ಸ್ಥಳೀಯ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಆರಾಧನಾ ವಿಧಿಯನ್ನಾಗಲಿ, ಅದರ ಮನಸ್ಸಾಕ್ಷಿಗೆ ಒಗ್ಗದ ಪಾದ್ರಿಯನ್ನಾಗಲಿ ಹೇರುವುದಿಲ್ಲ ಎಂದು ಎಲ್ಲರೂ ಪರಸ್ಪರ ಮಾತು ಕೊಟ್ಟರು. ಇದನ್ನು ಜಾರಿ ಮಾಡಲು ನ್ಯಾಯಪೀಠವಿಲ್ಲ, ತಪ್ಪಿದರೆ ದಂಡವಿಲ್ಲ. ಬಿಷಪ್ ಪದವಿಯನ್ನು ಒಪ್ಪಬೇಕು, ಆದರೆ ಅದರ ಅರ್ಥ ಇಂಥದ್ದೇ ಎಂದು ಯಾರೂ ಯಾರನ್ನೂ ಒತ್ತಾಯಿಸುವಂತಿಲ್ಲ ಎಂಬ ಮಾತನ್ನೂ ಸೇರಿಸಿದರು. ಕಾನೂನಿನ ಕಣ್ಣಿಂದ ನೋಡಿದರೆ ಇವು ಸಡಿಲ ಕಲಮುಗಳು. ಕಟ್ಟಡ ನಿಂತದ್ದು ಆ ಸಡಿಲದಿಂದಲೇ ಎಂಬುದು ನನ್ನ ವಾದ.

ಇದನ್ನು ಹೇಡಿತನ ಎಂದವರೂ ಇದ್ದರು, ಸಾಮಾನ್ಯರಲ್ಲ. ನಮ್ಮ ನವ್ಯಕಾವ್ಯದ ಓದುಗರಿಗೆ ಚಿರಪರಿಚಿತನಾದ ಟಿ.ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧವೇ ಒಂದು ಕಿರುಹೊತ್ತಗೆ ಬರೆದ. ಹೀಗೆ ಕೂಡಿಸಹೊರಟರೆ ಕೂಡುವುದಕ್ಕಿಂತ ಕೆಡುವುದೇ ಹೆಚ್ಚು ಎಂಬುದು ಅವನ ವಾದದ ಸಾರ. ಅರ್ಥವನ್ನು ಮಸುಕಾಗಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಅವನಿಗೆ ಅನಿಸಿತ್ತು. ಮದರಾಸಿನ ಕ್ರೈಸ್ತ ಚಿಂತಕ ಪಿ. ಚೆಂಚಯ್ಯ ಅವರ ಟೀಕೆ ಇದಕ್ಕೆ ತಿರುವುಮುರುವು. ಬಿಷಪ್, ದೀಕ್ಷೆ, ಪರಂಪರೆ ಎಂದು ಕಾದಾಡುತ್ತಿರುವುದೆಲ್ಲ ಯುರೋಪಿನ ಗಂಟು, ಅದನ್ನು ಬಿಚ್ಚಲು ಭಾರತೀಯ ಕ್ರೈಸ್ತ ತನ್ನ ಆಯುಸ್ಸು ಸವೆಸಬೇಕೇಕೆ ಎಂಬ ಧಾಟಿ ಅವರದು. ಎಲಿಯಟ್ಟನ ಆಕ್ಷೇಪಕ್ಕೆ ಉತ್ತರ ಹೇಳಬಹುದು: ಅರ್ಥ ಮೊದಲು, ಸಹವಾಸ ಆಮೇಲೆ ಎಂಬ ಅನುಕ್ರಮವೇ ಅನುಭವಕ್ಕೆ ಒಗ್ಗುವುದಿಲ್ಲ. ಚೆಂಚಯ್ಯನವರ ಪ್ರಶ್ನೆಯನ್ನು ಅಷ್ಟು ಸಲೀಸಾಗಿ ತಳ್ಳಿಹಾಕಲು ಬರುವುದಿಲ್ಲ. ಕೊನೆಯಲ್ಲಿ ಅದಕ್ಕೆ ಬರುತ್ತೇನೆ. ಇಂಗ್ಲೆಂಡಿನ ಸಭೆಯ ಅನುಮಾನವಂತೂ ಐಕ್ಯದ ನಂತರವೂ ಉಳಿಯಿತು. ಆಂಗ್ಲಿಕನ್ ಬಿಷಪ್ಪರ 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಹೊಸ ಸಭೆಯ ಪಾದ್ರಿಗಳನ್ನು ಒಪ್ಪುವ ಬಗ್ಗೆ ಬಿಷಪ್ಪರಲ್ಲೇ ಒಮ್ಮತ ಮೂಡಲಿಲ್ಲ. 1955ರಲ್ಲಿ ಅರೆಬರೆ ಮಾನ್ಯತೆ ಸಿಕ್ಕಿತು. ಸಿಎಸ್‌ಐ ಬಿಷಪ್ಪರು ಲ್ಯಾಂಬೆತ್‌ಗೆ ಪೂರ್ಣ ಸದಸ್ಯರಾಗಿ ಹೋದದ್ದು 1988ರಲ್ಲಿ. ಬೆರೆಯುವ ಸಲುವಾಗಿ ಕೈಚಾಚಿದ ಆಂಗ್ಲಿಕನ್ನರು ತಮ್ಮ ತಾಯಿಸಭೆಯ ಪಂಕ್ತಿಯಿಂದಲೇ ನಾಲ್ಕು ದಶಕ ಅರ್ಧ ಹೊರಗಿರಬೇಕಾಯಿತು.

ಮೈಸೂರಿಗೆ ಬರೋಣ. ಮದರಾಸಿನ ಆ ದಿನ ಒಂಬತ್ತು ಮಂದಿ ಹೊಸ ಬಿಷಪ್ಪರಿಗೆ ಅಭಿಷೇಕವಾಯಿತು, ಒಟ್ಟು 14 ಡಯಾಸಿಸ್. ಅವುಗಳಲ್ಲಿ ಮೈಸೂರು ಒಂದು. ಅದರ ಮೊದಲ ಬಿಷಪ್ ಪಿ. ಗುರುಶಾಂತ. ಅವರು ಮೆಥಡಿಸ್ಟ್ ಪಾದ್ರಿ. ಬಿಷಪ್ಪನ ಕೈ ತಲೆಗೆ ತಾಗದೆ ದೀಕ್ಷೆ ಪಡೆದು ಸೇವೆ ಮಾಡಿದ್ದ ಕನ್ನಡಿಗನೊಬ್ಬ, ಆ ಹಳೆಯ ದೀಕ್ಷೆಯನ್ನು ಯಾರೂ ಪ್ರಶ್ನಿಸದೆ, ನೇರವಾಗಿ ಬಿಷಪ್ ಪೀಠಕ್ಕೆ ಬಂದದ್ದು ವಾಯಿದೆಯ ಕಲಮು ಕೆಲಸ ಮಾಡಿದ ಬಗೆಗೆ ಕಣ್ಣೆದುರಿನ ಸಾಕ್ಷಿ. ಅವರ ನಂತರ 1951ರಲ್ಲಿ ಬಂದ ನಾರ್ಮನ್ ಸಾರ್ಜೆಂಟ್ ಕೂಡ ಮೆಥಡಿಸ್ಟ್ ಮೂಲದವರೇ. 1970ರಲ್ಲಿ ಈ ಡಯಾಸಿಸ್ ಮಧ್ಯ, ಉತ್ತರ, ದಕ್ಷಿಣ ಎಂದು ಮೂರಾಗಿ ಒಡೆದು ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಿ ಪೀಠಗಳಾದವು.

ಆದರೆ ಮೈಸೂರಿನ ಹಳ್ಳಿಯ ವಿಶ್ವಾಸಿಗೆ 1947 ಅಷ್ಟಾಗಿ ತಟ್ಟಿದಂತೆ ಕಾಣುವುದಿಲ್ಲ, ಕಾರಣ ಭೂಪಟದಲ್ಲಿದೆ. ಒಬ್ಬರ ಸೀಮೆಗೆ ಇನ್ನೊಬ್ಬರು ಕೈಹಾಕಬಾರದು ಎಂದು ಮಿಷನ್‌ಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಗಡಿ ಹಂಚಿಕೊಂಡಿದ್ದವು. ಹಳೆ ಮೈಸೂರಿನ ಬಹುಭಾಗ ವೆಸ್ಲಿಯನ್ನರಿಗೆ, ಬಳ್ಳಾರಿ ಲಂಡನ್ ಮಿಷನ್ನಿಗೆ, ಕರಾವಳಿ ಮತ್ತು ಧಾರವಾಡ ಕಡೆ ಬಾಸೆಲ್‌ನವರಿಗೆ. 1876-78ರ ಬರದಲ್ಲಿ ಅನಾಥರಾದ ಮಕ್ಕಳಿಗೆ ತುಮಕೂರು, ಹಾಸನಗಳಲ್ಲಿ ಆಸರೆ ಕೊಟ್ಟವರು ವೆಸ್ಲಿಯನ್ನರು. ಅವರ ಮೊಮ್ಮಕ್ಕಳು ಮೆಥಡಿಸ್ಟರಾದದ್ದು ಮೆಥಡಿಸ್ಟ್ ಸಿದ್ಧಾಂತವನ್ನು ತೂಗಿ ನೋಡಿ ಅಲ್ಲ. ಅವರ ಊರಲ್ಲಿ ಇನ್ನೊಂದು ಪಂಥದ ಸಭೆಯೇ ಇರಲಿಲ್ಲ. ಎದುರಾಳಿಯನ್ನೇ ಕಂಡಿರದವರ ನಡುವೆ ರಾಜಿ ಸುಲಭ. ಬೋರ್ಡಿನ ಮೇಲೆ ಹೆಸರು ಬದಲಾಯಿತು, ವರ್ಷಕ್ಕೊಮ್ಮೆ ದೃಢೀಕರಣಕ್ಕೆ ಬಿಷಪ್ ಬರತೊಡಗಿದರು, ಅಯ್ಯನವರು ಅವರೇ, ಕೀರ್ತನೆಗಳು ಅವೇ.

ಎಲ್ಲಿ ಗಡಿ ಊರೊಳಗೇ ಇತ್ತೋ ಅಲ್ಲಿ ಕತೆ ಬೇರೆ. ಬಳ್ಳಾರಿಯ ಪೂರ್ವಕ್ಕಿರುವ ತೆಲುಗು ಸೀಮೆಯ ನಂದ್ಯಾಲದಲ್ಲಿ ಆಂಗ್ಲಿಕನ್ ಸಭೆಗಳಲ್ಲಿ ಹೆಚ್ಚಿನವು ಐಕ್ಯಕ್ಕೆ ಒಲ್ಲೆ ಎಂದವು. ಬೇರೆ ಮಿಷನ್ನಿನವರ ಜೊತೆ ಸ್ಪರ್ಧೆ, ತಮ್ಮನ್ನು ಬೆಳೆಸಿದ ಇಂಗ್ಲೆಂಡಿನ ಸೊಸೈಟಿಯ ಮೇಲಿನ ನಿಷ್ಠೆ, ಪ್ರಾರ್ಥನಾ ಪುಸ್ತಕದ ಮೇಲಿನ ಅಭಿಮಾನ ಎಲ್ಲ ಸೇರಿ, ದೂರದ ಕಲ್ಕತ್ತೆಯ ಮೆಟ್ರೊಪಾಲಿಟನ್ನರ ಕೈಕೆಳಗೆ ಉಳಿದರೂ ಸರಿ, ನೆರೆಯವರ ಜೊತೆ ಕೂಡೆವು ಎಂದರು. ಅವರು ಸಿಎಸ್‌ಐ ಸೇರಿದ್ದು 1975ರಲ್ಲಿ, ಅಂದರೆ ಮೂವತ್ತು ವರ್ಷದ ವಾಯಿದೆ ಮುಗಿಯಲು ಎರಡು ವರ್ಷವಿದ್ದಾಗ. ಇದನ್ನು ಐಕ್ಯದ ಸೋಲೆಂದು ಎಣಿಸುವವರಿದ್ದಾರೆ. ನನಗೆ ಅದು ವಾಗ್ದಾನದ ಕಲಮಿನ ಮಾನ ಉಳಿಸಿದ ಪ್ರಸಂಗವಾಗಿ ಕಾಣುತ್ತದೆ. ಅಂದು ಬಲವಂತ ಮಾಡಿ ಸೇರಿಸಿಕೊಂಡಿದ್ದರೆ ಕಲಮು ಮೊದಲ ವರ್ಷವೇ ಸತ್ತಿರುತ್ತಿತ್ತು.

ಒಟ್ಟಿಗೆ ಬಾಳತೊಡಗಿದ ಮೇಲೆ ಏನಾಯಿತು ಎಂಬುದಕ್ಕೆ ಒಳ್ಳೆಯ ಪುರಾವೆ ಆರಾಧನೆಯಲ್ಲಿದೆ. 1950ರಲ್ಲಿ ಕರ್ತನ ಭೋಜನದ ಹೊಸ ಕ್ರಮವೊಂದು ಬಳಕೆಗೆ ಬಂತು. ವಾಗ್ದಾನಕ್ಕೆ ತಕ್ಕಂತೆ ಅದು ಐಚ್ಛಿಕ, ಯಾರ ಮೇಲೂ ಹೇರಿಕೆಯಿಲ್ಲ. ಅದರಲ್ಲಿ ಸಮಾಧಾನ ಹಂಚುವ ಒಂದು ಘಟ್ಟವಿದೆ. ಪಾಲಕರು ಮೇಜಿನ ಬಳಿಯಿರುವ ಸಹಾಯಕರಿಗೆ, ಸಹಾಯಕರು ಮೊದಲ ಸಾಲಿನವರಿಗೆ, ಅವರು ಹಿಂದಿನವರಿಗೆ ಹೀಗೆ ಅದನ್ನು ದಾಟಿಸುತ್ತಾರೆ. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ತಾಗಿಸುತ್ತಾನೆ, ಇಬ್ಬರೂ ತಮ್ಮ ಎಡಗೈಯನ್ನು ಎದುರಿನವನ ಬಲಗೈಯ ಮೇಲೆ ಮುಚ್ಚುತ್ತಾರೆ. ಇದು ಆಂಗ್ಲಿಕನ್ನರದ್ದಲ್ಲ, ಮೆಥಡಿಸ್ಟರದ್ದಲ್ಲ, ಪ್ರೆಸ್ಬಿಟೇರಿಯನ್ನರದ್ದೂ ಅಲ್ಲ. ಕೇರಳದ ಸಿರಿಯನ್ ಕ್ರೈಸ್ತರಿಂದ ಬಂದದ್ದು. ಮೂವರಲ್ಲಿ ಯಾರದನ್ನು ಆರಿಸಿದರೂ ಇನ್ನಿಬ್ಬರಿಗೆ ಸೋತಂತಾಗುತ್ತಿತ್ತು. ನಾಲ್ಕನೆಯವರಿಂದ ಎರವಲು ತಂದದ್ದು ಜಾಣತನ. ಪಾಲಕರು ಮೇಜಿನ ಹಿಂದೆ ಜನರಿಗೆ ಮುಖಮಾಡಿ ನಿಲ್ಲುವುದೂ ಈ ಕ್ರಮದಲ್ಲಿತ್ತು. ಪಶ್ಚಿಮದ ಹಲವು ಸಭೆಗಳು ತಮ್ಮ ಆರಾಧನೆಯನ್ನು ತಿದ್ದಿಕೊಳ್ಳುವಾಗ ಇದನ್ನು ಮಾದರಿಯಾಗಿ ನೋಡಿದವು. ಕಲಮುಗಳ ಮೇಲೆ ಇಪ್ಪತ್ತೆಂಟು ವರ್ಷ ಕಾದಾಡಿದವರು ಒಂದಾದ ಮೂರನೆಯ ವರ್ಷಕ್ಕೆ ಇಂಥದನ್ನು ರೂಪಿಸಿದರು ಎಂಬುದು ಗಮನಾರ್ಹ.

ವಾಯಿದೆ 1977ಕ್ಕೆ ತೀರಿತು. ಅಷ್ಟು ಹೊತ್ತಿಗೆ ಹಳೆ ದೀಕ್ಷೆಯ ಪಾದ್ರಿಗಳಲ್ಲಿ ಬಹುಪಾಲು ನಿವೃತ್ತರಾಗಿದ್ದರು ಅಥವಾ ತೀರಿಕೊಂಡಿದ್ದರು. ಒಂದು ಕಾಲಕ್ಕೆ ಸಭೆಯನ್ನೇ ಒಡೆಯಬಲ್ಲ ಪ್ರಶ್ನೆ ತಾನಾಗಿ ಮೊಂಡಾಗಿತ್ತು. ಹೋಲಿಕೆಗೆ ಉತ್ತರ ಭಾರತವನ್ನು ನೋಡಬೇಕು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಸೇರಿ ಉತ್ತರ ಭಾರತ ಸಭೆಯಾದಾಗ ದಕ್ಷಿಣದ ದಾರಿ ಬೇಡವೆಂದರು. ಆರಂಭದಲ್ಲೇ ಎಲ್ಲ ಪಾದ್ರಿಗಳ ತಲೆಯ ಮೇಲೂ ಪರಸ್ಪರ ಕೈಯಿಟ್ಟು ಪ್ರಾರ್ಥಿಸಿ, ಯಾರ ದೀಕ್ಷೆಯ ಬಗ್ಗೆಯೂ ಅನುಮಾನ ಉಳಿಯದಂತೆ ಮಾಡಿದರು. ಹೆಚ್ಚು ಅಚ್ಚುಕಟ್ಟಾದ ದಾರಿ, ಒಪ್ಪುತ್ತೇನೆ. ಆದರೆ ಅಮೆರಿಕನ್ ಮೂಲದ ಮೆಥಡಿಸ್ಟರು ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. ಅದರ ಗುರುತು ಕರ್ನಾಟಕದಲ್ಲಿ ಇವತ್ತಿಗೂ ಇದೆ. ಮೈಸೂರು, ತುಮಕೂರಿನ ಮೆಥಡಿಸ್ಟ್ ಸಂತತಿ ಸಿಎಸ್‌ಐ. ಕೋಲಾರ, ಬೀದರ್, ಬೆಳಗಾವಿಯ ಮೆಥಡಿಸ್ಟರು ಬೇರೆಯೇ ಸಭೆ. ಇಬ್ಬರಿಗೂ ಮೂಲಪುರುಷ ಜಾನ್ ವೆಸ್ಲಿ. ಬೇರೆಯಾದದ್ದು ಮಿಷನರಿಯ ಹಡಗು ಲಂಡನ್ನಿನಿಂದ ಹೊರಟಿತೋ ನ್ಯೂಯಾರ್ಕಿನಿಂದಲೋ ಎಂಬುದರಿಂದ. ಕರಾವಳಿಯಲ್ಲೂ ಹೀಗೆಯೇ. ಬಾಸೆಲ್ ಮಿಷನ್ನಿನ ಮಲಬಾರ್ ಸಭೆಗಳು 1919ರಲ್ಲೇ ದಕ್ಷಿಣ ಭಾರತ ಐಕ್ಯ ಸಭೆಗೆ ಸೇರಿದ್ದವು. ಕನ್ನಡ ನೆಲದ ಬಾಸೆಲ್ ಸಭೆಗಳಲ್ಲಿ ಕೆಲವು ತಡವಾಗಿ ಸಿಎಸ್‌ಐಗೆ ಬಂದವು. ಇನ್ನು ಕೆಲವು ಯುನೈಟೆಡ್ ಬಾಸೆಲ್ ಮಿಷನ್ ಚರ್ಚ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿಯೇ ಇವೆ. ಐಕ್ಯ ಎಂಬ ಮಾತು ಹೆಸರಿನಲ್ಲೇ ಇರುವ ಸಭೆ ಐಕ್ಯದ ಹೊರಗಿರುವುದು ಚರಿತ್ರೆಯ ತಮಾಷೆ.

ಇನ್ನು ಚೆಂಚಯ್ಯನವರ ಪ್ರಶ್ನೆ. ಇಪ್ಪತ್ತೆಂಟು ವರ್ಷದ ಮಾತುಕತೆಯ ಕೇಂದ್ರದಲ್ಲಿದ್ದದ್ದು ಬಿಷಪ್, ದೀಕ್ಷೆ, ಸಂಸ್ಕಾರ. ದಕ್ಷಿಣ ಭಾರತದ ಸಭೆಗಳನ್ನು ಒಳಗಿನಿಂದ ಸೀಳಿದ್ದು ಇವಲ್ಲ. ಜಾತಿ, ಆಮೇಲೆ ಭಾಷೆ. ಪಂಥಭೇದ ಹೊರಗಿನಿಂದ ಬಂದದ್ದೆಂದು ತರಂಗಂಬಾಡಿಯ ಹೇಳಿಕೆ ಹೇಳಿದ್ದು ಸರಿ, ಆದರೆ ಜಾತಿಭೇದ ಹಾಗೆ ಹೊರಗಿನದಲ್ಲ. ಒಂದೇ ಬಟ್ಟಲಿನಿಂದ ಕುಡಿಯುವ ಸಂಸ್ಕಾರದ ಸಿಂಧುತ್ವದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಯೋಜನೆ, ಆ ಬಟ್ಟಲಿಗೆ ಕೆಲವರ ನಂತರ ತುಟಿಯಿಡಲು ಹಿಂಜರಿಯುವವರಿಗಾಗಿ ಒಂದು ವಾಯಿದೆಯನ್ನೂ ಕಟ್ಟಲಿಲ್ಲ. ವಾಗ್ದಾನದ ಕಲಮಿಗೂ ಇಲ್ಲೊಂದು ತೊಡಕಿದೆ: ಒಗ್ಗದ ಪಾದ್ರಿಯನ್ನು ಹೇರುವುದಿಲ್ಲ ಎಂಬ ಮಾತನ್ನು ಪಂಥದ ವಿಷಯಕ್ಕೆಂದು ಬರೆದರೂ, ಪಾದ್ರಿಯ ಕುಲ ನೋಡುವವನೂ ಅದರ ಹಿಂದೆ ಅಡಗಬಹುದು. ಡಯಾಸಿಸ್ ಚುನಾವಣೆ, ಆಸ್ತಿಯ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗಲೆಲ್ಲ ಬಣಗಳು ಒಡೆಯುವ ಗೆರೆ ಹಳೆಯ ಆಂಗ್ಲಿಕನ್, ಮೆಥಡಿಸ್ಟ್ ಗೆರೆಯಾಗಿರುವುದು ಅಪರೂಪ. ಬೆಂಗಳೂರಿನ ಹಲವು ದೇವಾಲಯಗಳಲ್ಲಿ ಭಾನುವಾರ ಭಾಷೆಗೊಂದು ಆರಾಧನೆ ನಡೆಯುತ್ತದೆ. ಅದು ಅನಿವಾರ್ಯವೂ ಹೌದು, ಆದರೆ ಒಂದೇ ಛಾವಣಿಯವರು ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಟ್ಟಲೆ ಇರುವುದಕ್ಕೂ ಅದು ಅನುಕೂಲವೇ.

ಹೀಗಾಗಿ ಐಕ್ಯದ ಅಳತೆಗೋಲನ್ನು ಸಿಎಸ್‌ಐನ ಮೇಲಿನ ಆಡಳಿತ ಮಂಡಳಿಯಾದ ಸಿನಡಿನ ನಡಾವಳಿಯಿಂದ ಆಚೆಗೆ ಒಯ್ಯಬೇಕು. ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತ ದಾಖಲೆ ಸಭೆಗಳ ಮದುವೆ ರಿಜಿಸ್ಟರ್. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಡಿ ಇಟ್ಟುಕೊಂಡು ಬಂದ ಈ ಪುಸ್ತಕಗಳಲ್ಲಿ ವಧೂವರರ ಹೆಸರು, ವಯಸ್ಸು, ಕಸುಬು, ವಾಸದ ಊರು, ತಂದೆಯ ಹೆಸರು, ಮದುವೆ ಮಾಡಿಸಿದವರ ಸಹಿ ಇರುತ್ತವೆ. ರೈಸ್, ಹಡ್ಸನ್, ಸೇಂಟ್ ಮಾರ್ಕ್ಸ್ ಈ ಮೂರರ ರಿಜಿಸ್ಟರ್‌ಗಳನ್ನು 1947ಕ್ಕೆ ಹಿಂದಿನ 30 ವರ್ಷ, ಮುಂದಿನ 30 ವರ್ಷ ಎಂದು ಅಕ್ಕಪಕ್ಕ ಇಟ್ಟರೆ ಲಂಡನ್ ಮಿಷನ್ನಿನ ಮನೆಯ ಹೆಣ್ಣು ಮೆಥಡಿಸ್ಟ್ ಮನೆಗೆ ಹೋಗುವುದು ಎಂದಿನಿಂದ ಸಹಜವಾಯಿತು ಎಂಬುದನ್ನು ಎಣಿಸಿ ಹೇಳಬಹುದು. ಜಾತಿಗೆ ಅವುಗಳಲ್ಲಿ ಅಂಕಣವಿಲ್ಲ. ಅದನ್ನು ಊರು, ಕಸುಬು, ತಂದೆಯ ಹೆಸರುಗಳನ್ನು ಕೂಡಿಸಿ ಊಹಿಸಬೇಕು, ಆ ಊಹೆಯನ್ನು ಸಭೆಯ ಹಿರಿಯರ ನೆನಪಿನ ಜೊತೆ ತಾಳೆ ನೋಡಬೇಕು. ನಂದ್ಯಾಲದ ರಿಜಿಸ್ಟರ್‌ಗಳಿಗೆ ಇದೇ ಕೆಲಸವನ್ನು 1975ನ್ನು ನಡುಗೆರೆಯಾಗಿಟ್ಟು ಮಾಡುವುದು ಒಳ್ಳೆಯದು.